ದೊಡ್ಡಾಸ್ಪತ್ರೆಯ ಬಾಗಿಲು ಯಾರಿಗೆ?

ಓದುಗರ ಪತ್ರ: "ನನ್ನ ಮಗಳು ವಿಶ್ವವಿದ್ಯಾಲಯದ ಆಸ್ಪತ್ರೆಯೊಂದರಲ್ಲಿ ಪಿಜಿ ಮಾಡುತ್ತಿದ್ದಾಳೆ. ಸಂಶೋಧನೆಯ ಆಸೆಯಿಂದ ಸೇರಿದವಳು. ಆದರೆ ದಿನವಿಡೀ ಅವಳ ಎದುರು ಕೂರುವವರು ಸುತ್ತಲಿನ ಬೀದಿಗಳ ಜ್ವರ, ಕೆಮ್ಮು, ಮಂಡಿನೋವಿನವರು. ಬೇರೆ ವೈದ್ಯರಿಂದ ಚೀಟಿ ತಂದವರನ್ನು ಮಾತ್ರ ಒಳಗೆ ಬಿಡಬೇಕು. ಆಗ ವಿಶ್ವವಿದ್ಯಾಲಯ ತನ್ನ ಕೆಲಸ ತಾನು ಮಾಡಬಹುದು. ನಿಮ್ಮ ಪತ್ರಿಕೆ ಇದಕ್ಕೆ ದನಿಗೂಡಿಸಲಿ."

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ಮಗಳ ಮೇಲಿನ ನಿಮ್ಮ ಕಾಳಜಿ ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ನೈಟ್ ಡ್ಯೂಟಿ ಮುಗಿಸಿ, ಮುಖ ತೊಳೆದುಕೊಂಡು ನೇರ ರೌಂಡ್ಸ್‌ಗೆ ಓಡುವ ಮಕ್ಕಳನ್ನು ನಾನೂ ನೋಡಿದ್ದೇನೆ. ಕಷ್ಟದ ಕಾಯಿಲೆಗಳಿಗೆ ದೊಡ್ಡಾಸ್ಪತ್ರೆ ಬೇಕು. ಸಂಶೋಧನೆಗೆ ಪುರುಸೊತ್ತು ಬೇಕು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಉಳಿದದ್ದನ್ನು ನಾನು ಒಪ್ಪಲಾರೆ.

ಜ್ಞಾನ ಆಸ್ಪತ್ರೆಯ ಒಳಗಿದೆ, ರಗಳೆ ಹೊರಗಿನಿಂದ ಬರುತ್ತದೆ ಎಂದು ನೀವು ನಂಬಿದಂತಿದೆ. 1961ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕೆರ್ ವೈಟ್ ಮತ್ತು ಅವರ ಜೊತೆಗಾರರು ಒಂದು ಲೆಕ್ಕ ಹಾಕಿದರು. 1000 ವಯಸ್ಕರನ್ನು ತೆಗೆದುಕೊಳ್ಳಿ. ಒಂದು ತಿಂಗಳಲ್ಲಿ ಅವರಲ್ಲಿ 750 ಜನರಿಗೆ ಏನಾದರೊಂದು ತೊಂದರೆ ಬರುತ್ತದೆ. ವೈದ್ಯರ ಹತ್ತಿರ ಹೋಗುವವರು 250. ಆಸ್ಪತ್ರೆಗೆ ದಾಖಲಾಗುವವರು 9. ವಿಶ್ವವಿದ್ಯಾಲಯದ ಆಸ್ಪತ್ರೆಯವರೆಗೆ ಹೋಗುವವರು ಒಬ್ಬರೇ ಒಬ್ಬರು! ನಮ್ಮ ಮುಂದಿನ ವೈದ್ಯರೆಲ್ಲ ಕಲಿಯುವುದು ಆ ಒಬ್ಬರ ಹಾಸಿಗೆಯ ಪಕ್ಕದಲ್ಲಿ. ಆಮೇಲೆ ಬದುಕಿಡೀ ನೋಡಬೇಕಾದದ್ದು ಉಳಿದ 749 ಜನರನ್ನು.

ನಿಮ್ಮ ಚೀಟಿ ಪದ್ಧತಿ ಬಂದರೆ ಈ ಅಂತರ ಇನ್ನೂ ಜಾಸ್ತಿಯಾಗುತ್ತದೆ. ತಲೆನೋವು ಎಂದು ಬಂದ ಹತ್ತಾರು ಜನರಲ್ಲಿ ಯಾರನ್ನು ಸಮಾಧಾನ ಹೇಳಿ ಮನೆಗೆ ಕಳಿಸಬೇಕು, ಯಾರನ್ನು ತಕ್ಷಣ ಸ್ಕ್ಯಾನಿಂಗ್‌ಗೆ ಕಳಿಸಬೇಕು? ಅದನ್ನು ಕಲಿಯಬೇಕಾದರೆ ಆ ಹತ್ತಾರು ಜನ ಎದುರಿಗೆ ಬಂದು ಕೂರಲೇಬೇಕು. ಮೊದಲೇ ಸೋಸಿ ಕಳಿಸಿದ ರೋಗಿಗಳನ್ನಷ್ಟೇ ನೋಡಿದವರಿಗೆ ಸೋಸುವುದು ಹೇಗೆ ಬಂದೀತು? ಇನ್ನು ಮಂಡಿನೋವನ್ನು ಸಂಶೋಧನೆಗೆ ಲಾಯಕ್ಕಿಲ್ಲದ ಕಾಯಿಲೆಗಳ ಸಾಲಿಗೆ ಸೇರಿಸಿದ್ದೀರಿ. ಮಂಡಿ ಸವೆತವನ್ನು ತಡೆದು ನಿಲ್ಲಿಸುವ ಔಷಧ ಇವತ್ತಿಗೂ ಇಲ್ಲ. ನೋವು ತಗ್ಗಿಸುತ್ತೇವೆ, ವ್ಯಾಯಾಮ ಹೇಳುತ್ತೇವೆ, ಕೊನೆಗೆ ಕೀಲು ಬದಲಿಸುತ್ತೇವೆ. ನಿಮ್ಮ ಮಗಳಿಗೆ ಸಂಶೋಧನೆಯ ವಿಷಯ ಬೇಕಿದ್ದರೆ ಅದು ಅವಳ ಎದುರಿನ ಕುರ್ಚಿಯಲ್ಲೇ ಕೂತಿದೆ.

ನ್ಯೂಜಿಲೆಂಡ್‌ನ ಡನೀಡಿನ್ ಊರಿನ ವಿಷಯ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಅಲ್ಲಿನದು ಒಟಾಗೊ ವಿಶ್ವವಿದ್ಯಾಲಯ. 1972ರ ಏಪ್ರಿಲ್‌ನಿಂದ ಮುಂದಿನ ಮಾರ್ಚ್‌ವರೆಗೆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲಿ 1037 ಜನರನ್ನು ಮೂರನೇ ವಯಸ್ಸಿನಿಂದ ಇಂದಿನವರೆಗೂ ನೋಡಿಕೊಂಡು ಬಂದಿದ್ದಾರೆ. ಅವರನ್ನು ಆರಿಸಿದ್ದು ಅಪರೂಪದ ಕಾಯಿಲೆ ಇದೆ ಎಂದಲ್ಲ. ಅಲ್ಲಿ ಹುಟ್ಟಿದರು, ಅಷ್ಟೇ. 45ನೇ ವಯಸ್ಸಿನ ತಪಾಸಣೆಗೆ, ಬದುಕಿದ್ದವರಲ್ಲಿ ನೂರಕ್ಕೆ 94 ಜನ ಬಂದರು. ಬೇರೆ ದೇಶಗಳಲ್ಲಿ ನೆಲೆಸಿದವರೂ ಬಂದರು. ಪ್ರಯಾಣದ ಖರ್ಚು ಅಧ್ಯಯನದ್ದು. ಹೇಳಿಕೊಂಡ ಗುಟ್ಟು ಹೊರಗೆ ಹೋಗುವುದಿಲ್ಲ ಎಂಬ ಭರವಸೆಯನ್ನು ಇಷ್ಟು ವರ್ಷ ಉಳಿಸಿಕೊಂಡಿದ್ದಾರೆ. ಬಾಲ್ಯ ಹೇಗಿತ್ತು ಎಂಬುದು ನಡುವಯಸ್ಸಿನ ಆರೋಗ್ಯವನ್ನು ಹೇಗೆ ಮುಟ್ಟುತ್ತದೆ ಎಂಬುದರ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಸಾಮಾನ್ಯ ಜನರಿಂದ ಬಂದದ್ದು. ಯಾವ ಯಂತ್ರ ತಂದರೂ ಇಂಥ ನಂಬಿಕೆ ಸಿಗುವುದಿಲ್ಲ.

ಆ ನಂಬಿಕೆ ಮುರಿದ ಕಡೆಯೂ ಇದೆ. ಅಮೆರಿಕದ ಸಿನ್ಸಿನಾಟಿಯಲ್ಲಿ 1960ರಿಂದ 1971ರವರೆಗೆ, ನಗರದ ವಿಶ್ವವಿದ್ಯಾಲಯದವರು ಜನರಲ್ ಆಸ್ಪತ್ರೆಯ ಸುಮಾರು 90 ಕ್ಯಾನ್ಸರ್ ರೋಗಿಗಳಿಗೆ ಭಾರಿ ಪ್ರಮಾಣದ ವಿಕಿರಣ ಕೊಟ್ಟರು. ಹೆಚ್ಚಿನವರು ಬಡವರು, ಅರ್ಧಕ್ಕಿಂತ ಜಾಸ್ತಿ ಜನ ಕಪ್ಪುಜನಾಂಗದವರು. ಇದಕ್ಕೆ ಹಣ ಕೊಟ್ಟದ್ದು ರಕ್ಷಣಾ ಇಲಾಖೆ. ಅಣುಯುದ್ಧ ನಡೆದರೆ ಸೈನಿಕರ ಮೈ ಎಷ್ಟು ವಿಕಿರಣ ತಾಳೀತು ಎಂಬುದು ಅದಕ್ಕೆ ಬೇಕಿತ್ತು. ರೋಗಿಗಳಿಗೆ ಇದು ಗೊತ್ತಿರಲಿಲ್ಲ. ಕಡತಗಳನ್ನು ತರಿಸಿಕೊಂಡು ಓದಿ, 1972ರ ಆರಂಭದಲ್ಲಿ ಕಿರಿಯ ಅಧ್ಯಾಪಕರ ಜೊತೆ ವರದಿ ಹೊರತಂದವರು ಮಾರ್ಥಾ ಸ್ಟೀಫನ್ಸ್. ಅವರು ಅದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದ ಅಧ್ಯಾಪಕಿ! ಮೆಡಿಕಲ್ ಕಾಲೇಜಿನ ಪಕ್ಕದಲ್ಲಿ ಸಾಹಿತ್ಯ, ಚರಿತ್ರೆ ಕಲಿಸುವ ವಿಭಾಗಗಳು ಯಾಕೆ ಇರಬೇಕು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಇವರ ನೆನಪಾಗುತ್ತದೆ. ಕುಟುಂಬಗಳು ಹೂಡಿದ ದಾವೆ ಇತ್ಯರ್ಥವಾದದ್ದು 1999ರಲ್ಲಿ.

ರೋಗಿಯನ್ನು ಬರೀ ಸಂಶೋಧನೆಯ ಸಾಮಗ್ರಿ ಎಂದು ನೋಡಿದವರು ಸುತ್ತಲಿನ ಬೀದಿಯನ್ನು ಬರೀ ಜಮೀನು ಎಂದು ನೋಡುತ್ತಾರೆ. 1960ರ ದಶಕದಲ್ಲಿ ನ್ಯೂಜೆರ್ಸಿಯ ಸರ್ಕಾರಿ ವೈದ್ಯಕೀಯ ಕಾಲೇಜನ್ನು ನ್ಯೂಯಾರ್ಕ್ ನಗರದ ಪಕ್ಕದ ನೆವಾರ್ಕ್‌ಗೆ ತರುವ ಯೋಜನೆ ಬಂತು. ಕಪ್ಪುಜನರು ತುಂಬಿದ್ದ ಸೆಂಟ್ರಲ್ ವಾರ್ಡ್‌ನಲ್ಲಿ 150 ಎಕರೆ ಕೊಡುವುದು ಲೆಕ್ಕಾಚಾರ. ಸಾವಿರಾರು ಜನ ಮನೆ ಬಿಡಬೇಕಿತ್ತು. 1967ರ ಜುಲೈನಲ್ಲಿ ಊರು ಹೊತ್ತಿ ಉರಿಯಿತು, 26 ಜನ ಸತ್ತರು. ಕಿಡಿ ಹೊತ್ತಿದ್ದು ಪೊಲೀಸರು ಟ್ಯಾಕ್ಸಿ ಚಾಲಕನೊಬ್ಬನನ್ನು ಹೊಡೆದಾಗ. ಆದರೆ ಒಳಗೆ ಕುದಿಯುತ್ತಿದ್ದ ಸಿಟ್ಟುಗಳಲ್ಲಿ ಕಾಲೇಜಿನ ಜಮೀನೂ ಒಂದು. ಮುಂದಿನ ವರ್ಷ ಊರಿನವರು, ಸರ್ಕಾರ, ಕಾಲೇಜು ಎದುರುಬದುರು ಕೂತರು. ಜಮೀನು 60 ಎಕರೆಯೊಳಗೆ ಇಳಿಯಿತು. ಮನೆ ಕಳೆದುಕೊಂಡವರಿಗೆ ಮನೆ, ಸ್ಥಳೀಯರಿಗೆ ಕೆಲಸ, ಆರೋಗ್ಯ ಸೇವೆ, ಎಲ್ಲವೂ ಒಪ್ಪಂದಕ್ಕೆ ಸೇರಿದವು. ಮೊದಲೇ ಕೇಳಿದ್ದರೆ ಆಗುತ್ತಿರಲಿಲ್ಲವೇ?

ನನ್ನ ಹೊಟ್ಟೆಯುರಿ ಇರುವುದೇ ಇಲ್ಲಿ. ಹೊಸ ಕಟ್ಟಡದ ನಕ್ಷೆ ಬರೆಯುವಾಗ ಪಕ್ಕದ ಬೀದಿಯವರನ್ನು ಕರೆಯುವುದಿಲ್ಲ. ವಾರ್ಡ್ ಗುಡಿಸುವವರು, ಗಾಡಿ ತಳ್ಳುವವರು ಅದೇ ಬೀದಿಯಿಂದ ಬರುತ್ತಾರೆ. ಬಾಡಿಗೆ ಏರಿದಾಗ ಮೊದಲು ಜಾಗ ಖಾಲಿ ಮಾಡುವವರೂ ಅವರೇ. ಮನೆಮನೆಗೆ ಬಂದು ರಕ್ತ ತೆಗೆದುಕೊಂಡು ಹೋದ ತಂಡ, ಫಲಿತಾಂಶ ಹೇಳಲು ಮತ್ತೆ ಆ ಬಾಗಿಲು ತಟ್ಟುವುದು ಅಪರೂಪ. ಪ್ರಬಂಧ ಅಚ್ಚಾಗುತ್ತದೆ, ಬಡ್ತಿ ಸಿಗುತ್ತದೆ. ರಕ್ತ ಕೊಟ್ಟವರಿಗೆ ತಮ್ಮ ಸಕ್ಕರೆ ಎಷ್ಟಿತ್ತು ಎಂಬುದೂ ತಿಳಿಯುವುದಿಲ್ಲ. ಇದೆಲ್ಲ ನಡೆಯುವುದು ಸಾರ್ವಜನಿಕರ ತೆರಿಗೆ ಹಣದಲ್ಲಿ!

ಚೀಟಿಯ ವಿಷಯಕ್ಕೆ ಬರೋಣ. ಚೀಟಿ ಬರೆಯಲು ಹತ್ತಿರದಲ್ಲಿ ಒಬ್ಬ ವೈದ್ಯರಾದರೂ ಇರಬೇಕಲ್ಲ? ವೇಲ್ಸ್‌ನ ಗಣಿಹಳ್ಳಿಯೊಂದರಲ್ಲಿ ದಶಕಗಳ ಕಾಲ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದರು: ಒಳ್ಳೆಯ ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ. ಹಳ್ಳಿಯ ಪ್ರತಿಯೊಬ್ಬ ವಯಸ್ಕರ ರಕ್ತದೊತ್ತಡ ಅಳೆಯಲು ಹೊರಟ ಮನುಷ್ಯ ಅವರು. ಸಂಶೋಧನೆಗೆಂದು ಹಳ್ಳಿ ಬಿಡಲಿಲ್ಲ. ಜ್ವರ ಬಂದವರು ದೊಡ್ಡಾಸ್ಪತ್ರೆಗೆ ಬರುವುದು ಸುಮ್ನೆ ಅಲ್ಲ, ಬೇರೆ ಬಾಗಿಲು ಇಲ್ಲ ಎಂದು.

ನಿಮ್ಮ ಮಗಳಿಗೆ ಆಗುತ್ತಿರುವ ಅನ್ಯಾಯ ನಿಜ. ಆದರೆ ಅದನ್ನು ಮಾಡುತ್ತಿರುವುದು ಸಾಲಿನಲ್ಲಿ ನಿಂತ ಅಜ್ಜಿಯಲ್ಲ. ಖಾಲಿ ಹುದ್ದೆ ತುಂಬದವರನ್ನು, ಮೂವರ ಕೆಲಸ ಒಬ್ಬರ ಮೇಲೆ ಹೇರುವವರನ್ನು ಕೇಳಬೇಕು. ಸಂಜೆಯೂ ತೆರೆದಿರುವ ಕ್ಲಿನಿಕ್ ಅನ್ನು ಆಸ್ಪತ್ರೆಯೇ ಪಕ್ಕದ ಬಡಾವಣೆಯಲ್ಲಿ ನಡೆಸಲಿ. ಅದಕ್ಕೆ ಬೇರೆ ವೈದ್ಯರನ್ನು ನೇಮಿಸಲಿ. ಪಿಜಿಗಳು ಸರದಿಯ ಮೇಲೆ ಅಲ್ಲಿ ಕಲಿಯಲಿ. ವಾರದಲ್ಲಿ ಒಂದು ದಿನ ಅವರ ಸಂಶೋಧನೆಗೆಂದೇ ಮೀಸಲಿರಲಿ. ಇದನ್ನೆಲ್ಲ ಕೇಳಿ ಇನ್ನೊಂದು ಪತ್ರ ಬರೆಯಿರಿ. ನಿಮ್ಮ ಮಗಳ ಸಹಪಾಠಿಗಳೂ ಪಕ್ಕದ ಬೀದಿಯವರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಹಾಕುತ್ತೇವೆ.