ಮೇಷ್ಟ್ರೇ, ಅಕ್ಕಪಕ್ಕದವರು ಯಾಕೆ ಬರಲಿಲ್ಲ?

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ. "ರಷ್ಯಾ ಉಕ್ರೇನ್ ಮೇಲೆ ನುಗ್ಗಿದಾಗ ಎಲ್ಲ ದೇಶದವರೂ ಖಂಡಿಸ್ತೀವಿ ಅಂದರು, ಯಾರೂ ಹೋಗಿ ತಡೆಯಲಿಲ್ಲ, ಯಾಕಮ್ಮ?" ಅಂತ ಕೇಳಿದಳು. ನನಗೆ ಹೇಳಲು ಗೊತ್ತಾಗಲಿಲ್ಲ. ಖಂಡನೆ ಅನ್ನೋದು ಬರೀ ಬಾಯಿಮಾತಾ?
– ಓದುಗರೊಬ್ಬರು, ಮಳವಳ್ಳಿ

ಉತ್ತರ: ಈ ಪ್ರಶ್ನೆಯನ್ನೇ ನನಗೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಕೇಳಿದ್ದ ತಾಯಿ. ನಾನು ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಾಗಿದ್ದಾಗ ಪ್ರತಿ ವರ್ಷ ಮಕ್ಕಳನ್ನು ಕೋಟೆ ಗೋಡೆ ಒಡೆದ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಹೊಳೆ ದಾಟಿ ಒಳಗೆ ನುಗ್ಗಿದ್ದು ಅಲ್ಲಿಂದಲೇ. ಆ ಹುಡುಗ ಹೊಳೆ ಕಡೆ ನೋಡುತ್ತಾ, "ಸಾರ್, ಟಿಪ್ಪು ಸುಲ್ತಾನನಿಗೆ ಅಕ್ಕಪಕ್ಕದ ರಾಜರು ಯಾಕೆ ಸಹಾಯಕ್ಕೆ ಬರಲಿಲ್ಲ?" ಅಂದ. "ಹೈದರಾಬಾದ್ ನಿಜಾಮನ ಸೈನ್ಯ ಬಂದಿತ್ತು ಕಣಪ್ಪ, ಇಂಗ್ಲಿಷರ ಜೊತೆಗೆ" ಅಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆ ಮುಖ ನನಗೆ ಇನ್ನೂ ನೆನಪಿದೆ.

ಅದಕ್ಕೆ ಏಳು ವರ್ಷ ಮೊದಲೂ ಅದೇ ಆಗಿತ್ತು. 1792ರಲ್ಲಿ ಮೈಸೂರು ಸೋತಾಗ ಅರ್ಧ ರಾಜ್ಯವನ್ನು ಇಂಗ್ಲಿಷರು, ನಿಜಾಮ, ಮರಾಠರು ಹಂಚಿಕೊಂಡರು. ಟಿಪ್ಪುವೂ ತಿರುವಾಂಕೂರಿನ ಮೇಲೆ ದಂಡೆತ್ತಿ ಹೋಗಿದ್ದವನೇ. ನೆರೆಯವರಿಗೆ ಅವನ ಮೇಲೆ ಭಯವಿತ್ತು, ಹಳೇ ಸಿಟ್ಟೂ ಇತ್ತು. ದೂರದ ಫ್ರಾನ್ಸಿಗೆ 1787ರಲ್ಲಿ ರಾಯಭಾರಿಗಳನ್ನು ಕಳಿಸಿ ನೋಡಿದ. ಅಲ್ಲಿನ ದೊರೆ ಹದಿನಾರನೇ ಲೂಯಿ ಮರ್ಯಾದೆಯಿಂದ ಬರಮಾಡಿಕೊಂಡ, ಸೈನ್ಯ ಮಾತ್ರ ಕಳಿಸಲಿಲ್ಲ.

ದೇಶಗಳು ಇಂದಿಗೂ ಹೆಚ್ಚುಕಮ್ಮಿ ಹಾಗೇ ನಡೆದುಕೊಳ್ಳುತ್ತವೆ. ಹಾಗಾಗಿ ಯಾರು ಏನು ಹೇಳಿದರು ಅನ್ನುವುದಕ್ಕಿಂತ, ಯಾರು ಏನನ್ನು ಕಳೆದುಕೊಳ್ಳಲು ತಯಾರಾದರು ಅಂತ ನೋಡಲು ಮಗಳಿಗೆ ಹೇಳಿ.

1956ರ ನವೆಂಬರ್ ಮೊದಲ ವಾರ ಇದಕ್ಕೆ ಒಳ್ಳೇ ಪಾಠ. ಆಗ ಒಟ್ಟೊಟ್ಟಿಗೆ ಎರಡು ಕಡೆ ದಾಳಿ ನಡೆಯುತ್ತಿತ್ತು. ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ್ದಕ್ಕೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿಕೊಂಡು ಈಜಿಪ್ಟ್ ಮೇಲೆ ಬಿದ್ದಿದ್ದವು. ಅತ್ತ ಹಂಗರಿಯ ಜನ ತಿರುಗಿಬಿದ್ದಿದ್ದಕ್ಕೆ ಸೋವಿಯತ್ ಟ್ಯಾಂಕುಗಳು ನವೆಂಬರ್ 4ರಂದು ಬುಡಾಪೆಸ್ಟ್‌ಗೆ ನುಗ್ಗಿದವು. ವಿಶ್ವಸಂಸ್ಥೆಯಲ್ಲಿ ಎರಡರ ಬಗ್ಗೆಯೂ ನಿರ್ಣಯ ಪಾಸಾಯಿತು. ಈಜಿಪ್ಟಿನಲ್ಲಿ ನವೆಂಬರ್ 6ಕ್ಕೇ ಬ್ರಿಟನ್ ಯುದ್ಧ ನಿಲ್ಲಿಸಿತು. ಡಿಸೆಂಬರ್ ಮುಗಿಯುವುದರೊಳಗೆ ಬ್ರಿಟಿಷ್, ಫ್ರೆಂಚ್ ಸೈನಿಕರು ಹಡಗು ಹತ್ತಿದರು. ಪೌಂಡ್ ಬೆಲೆ ಕುಸಿಯುತ್ತಿತ್ತು, ಬ್ರಿಟನ್ನಿಗೆ ಸಾಲ ಬೇಕಿತ್ತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ತನ್ನ ಆಪ್ತ ಗೆಳೆಯ ದೇಶಕ್ಕೇ ಆ ದುಡ್ಡು ಸಿಗದಂತೆ ಮಾಡಿದರು. ಶತ್ರು ಬೈದರೆ ಯಾರೂ ಹೆದರಲ್ಲ, ಸಾಲ ಕೊಡುವವನು ಕೈ ಹಿಂದಕ್ಕೆ ಎಳೆದುಕೊಂಡರೆ ಕಥೆ ಬೇರೆ, ಅಲ್ವಾ?

ಹಂಗರಿಗೆ ಮಾತ್ರ ಯಾರೂ ಬರಲಿಲ್ಲ. ಸುಮಾರು 2 ಲಕ್ಷ ಜನ ಊರುಬಿಟ್ಟು ಓಡಿದರು. ಸೋವಿಯತ್ ಒಕ್ಕೂಟಕ್ಕೆ ಹೊರಗಿನ ಸಾಲ ಬೇಕಿರಲಿಲ್ಲ, ಜೊತೆಗೆ ಅದರ ಕೈಯಲ್ಲಿ ಅಣುಬಾಂಬು ಇತ್ತು.

1990ರಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಏಳು ತಿಂಗಳಲ್ಲಿ ಓಡಿಸಿದರು. ಅಲ್ಲಿ ಎಣ್ಣೆಯಿತ್ತು, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇರಾಕಿನ ಸದ್ದಾಂ ಪರವಾಗಿ ವೀಟೋ ಹಾಕುವವರು, ಅಂದರೆ ಒಬ್ಬರೇ ಬೇಡ ಅಂದು ನಿರ್ಣಯ ತಡೆಯುವವರು, ಯಾರೂ ಇರಲಿಲ್ಲ.

ಈಗ ಉಕ್ರೇನ್. ಅದರ ಕಥೆ ಓದಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸೋವಿಯತ್ ಕಾಲದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು 1994ರಲ್ಲಿ ಅದು ಒಪ್ಪಿಕೊಂಡಿತು. ನಿನ್ನ ಗಡಿಯನ್ನು ಗೌರವಿಸುತ್ತೇವೆ ಅಂತ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಸಹಿ ಹಾಕಿದ್ದರು. 2022ರ ಫೆಬ್ರವರಿ 24ರಂದು ರಷ್ಯಾ ನುಗ್ಗಿತು. ಮಾರನೇ ದಿನ ಭದ್ರತಾ ಮಂಡಳಿಯಲ್ಲಿ ತನ್ನ ಮೇಲಿನ ನಿರ್ಣಯವನ್ನು ತಾನೇ ವೀಟೋ ಮಾಡಿತು. ಮಾರ್ಚ್ 2ರಂದು ಎಲ್ಲ ಸದಸ್ಯ ದೇಶಗಳೂ ಇರುವ ಮಹಾಸಭೆಯಲ್ಲಿ 141 ದೇಶಗಳು ರಷ್ಯಾ ವಾಪಸ್ ಹೋಗಲಿ ಅಂದವು. ರಷ್ಯಾ ಸೇರಿ 5 ದೇಶ ವಿರುದ್ಧ, ಭಾರತ ಸೇರಿ 35 ತಟಸ್ಥ. ಮಹಾಸಭೆಯ ಮಾತಿಗೆ ನೈತಿಕ ಬಲ ಉಂಟು, ಬಲವಂತ ಮಾಡುವ ಅಧಿಕಾರ ಇಲ್ಲ.

ಆದರೂ ಯಾರೂ ಏನೂ ಮಾಡಲಿಲ್ಲ ಅಂತ ಅವಳು ತಿಳಿಯಬಾರದು. ರಷ್ಯಾದ ಸೆಂಟ್ರಲ್ ಬ್ಯಾಂಕ್ ಹೊರಗಿಟ್ಟಿದ್ದ ಸುಮಾರು 300 ಬಿಲಿಯನ್ ಡಾಲರನ್ನು ಪಶ್ಚಿಮದ ದೇಶಗಳು ಹಿಡಿದಿಟ್ಟುಕೊಂಡವು. ಶಸ್ತ್ರಾಸ್ತ್ರ ಕೊಟ್ಟವು. ಪೋಲೆಂಡಿನ ಜನ ತಮ್ಮ ಮನೆಗಳಲ್ಲೇ ನಿರಾಶ್ರಿತರಿಗೆ ಜಾಗ ಕೊಟ್ಟರು. ತಮ್ಮ ಸೈನಿಕರನ್ನು ಮಾತ್ರ ಯಾರೂ ಕಳಿಸಲಿಲ್ಲ, ಅಣುಯುದ್ಧದ ಭಯ.

ಬಾಯಿಮಾತಾ ಅಂದಿರಿ. 1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರನ್ನೂ ಸೇರಿಸಿಕೊಂಡಿತು. ನಾವು ಇದನ್ನು ಒಪ್ಪಲ್ಲ ಅಂತ ಅಮೆರಿಕ ಹೇಳಿತು. ಹೇಳಿದ್ದು ಅಷ್ಟೇ, ಸೈನ್ಯ ಕಳಿಸಲಿಲ್ಲ. ಆದರೆ 51 ವರ್ಷ ಆ ಮಾತು ಬದಲಿಸಲಿಲ್ಲ. 1991ರಲ್ಲಿ ಆ ಮೂರೂ ಮತ್ತೆ ಸ್ವತಂತ್ರವಾದವು. ಅಷ್ಟು ವರ್ಷ ಅವುಗಳ ಹೆಸರನ್ನು ಲೆಕ್ಕದಿಂದ ಹೊಡೆದುಹಾಕದೆ ಇದ್ದದ್ದು ಸಣ್ಣ ವಿಷಯವಲ್ಲ.

ಪ್ರಶ್ನೆ: ಆ ಮತದಾನದಲ್ಲಿ ಭಾರತ ಸುಮ್ನೆ ಕೂತಿದ್ದು ಸರಿಯಾ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಆ ವಾರ ಉಕ್ರೇನಿಗೆ ಓದಲು ಹೋಗಿದ್ದ ನಮ್ಮ ಸಾವಿರಾರು ಮಕ್ಕಳು ಅಲ್ಲಿ ನೆಲಮಾಳಿಗೆಗಳಲ್ಲಿ ಕೂತಿದ್ದರು. ನಮ್ಮ ರಾಜ್ಯದ ಹುಡುಗನೊಬ್ಬ ಅಲ್ಲೇ ಪ್ರಾಣ ಬಿಟ್ಟ. ಉಳಿದವರನ್ನು ಕರೆತರಲು ಎರಡೂ ಕಡೆಯವರ ಸಹಾಯ ಬೇಕಿತ್ತು. ಹಳೇ ಋಣವೂ ಇದೆ. 1971ರ ಡಿಸೆಂಬರಿನಲ್ಲಿ ನಮ್ಮ ಸೈನ್ಯ ಪೂರ್ವ ಪಾಕಿಸ್ತಾನದಲ್ಲಿದ್ದಾಗ, ಯುದ್ಧ ನಿಲ್ಲಿಸಿ ವಾಪಸ್ ಬನ್ನಿ ಅಂತ ಮಹಾಸಭೆಯಲ್ಲಿ 104 ದೇಶಗಳು ಮತ ಹಾಕಿದ್ದವು. ಸುಮಾರು 1 ಕೋಟಿ ನಿರಾಶ್ರಿತರು ನಮ್ಮಲ್ಲಿಗೆ ಬಂದಿದ್ದರು ಅನ್ನುವುದು ಅವರಿಗೆ ಮುಖ್ಯ ಅನಿಸಲಿಲ್ಲ. ಭದ್ರತಾ ಮಂಡಳಿಯಲ್ಲಿ ವೀಟೋ ಹಾಕಿ ನಮ್ಮನ್ನು ಕಾಪಾಡಿದ್ದು ಸೋವಿಯತ್ ಒಕ್ಕೂಟ.

ಇಷ್ಟನ್ನೂ ಒಪ್ಪುತ್ತೇನೆ. ಆದರೆ ಮಕ್ಕಳೆಲ್ಲ ಮನೆ ಸೇರಿದ ಮೇಲಾದರೂ, ನುಗ್ಗಿದ್ದು ತಪ್ಪು ಅಂತ ಬಾಯಿಬಿಟ್ಟು ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಇದು ಯುದ್ಧದ ಕಾಲವಲ್ಲ ಎಂದು ಪ್ರಧಾನಿ ಮೋದಿ 2022ರ ಸೆಪ್ಟೆಂಬರಿನಲ್ಲಿ ಪುಟಿನ್ ಎದುರಿಗೇ ಅಂದರು. ಅದು ಒಳ್ಳೆಯದಾಯಿತು. ನನಗೆ ಅದು ಸಾಲದು. 1956ರಲ್ಲಿ ನೆಹರೂ ಕೂಡ ಸೂಯೆಜ್ ಬಗ್ಗೆ ಗಟ್ಟಿಯಾಗಿ ಮಾತಾಡಿ ಹಂಗರಿ ಬಗ್ಗೆ ತಡವರಿಸಿದ್ದರು. ಇನ್ನೂರು ವರ್ಷ ಪರರ ಕೈಕೆಳಗೆ ಇದ್ದವರು ನಾವು. ಸಣ್ಣ ದೇಶದ ಸಂಕಟ ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು?

ಪ್ರಶ್ನೆ: ಎಲ್ಲೋ ಯುದ್ಧ ಆದರೆ ನಮ್ಮ ಪೊಟ್ಯಾಷ್ ಗೊಬ್ಬರದ ಬೆಲೆ ಯಾಕೆ ಏರಿತು?
– ಕಬ್ಬು ಬೆಳೆಗಾರ, ಪಾಂಡವಪುರ

ಉತ್ತರ: ಪೊಟ್ಯಾಷ್ ಹೆಚ್ಚಾಗಿ ತೆಗೆಯುವುದು ಕೆನಡಾ, ರಷ್ಯಾ, ಬೆಲಾರಸ್. ನಾವು ಕೊಳ್ಳುವುದೆಲ್ಲ ಹೊರಗಿನದೇ. ಬೆಲಾರಸ್‌ಗೆ ಸಮುದ್ರವಿಲ್ಲ, ಅದರ ಗೊಬ್ಬರ ಲಿಥುವೇನಿಯಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಲಾರಸ್ ಮೇಲೆ ಪಶ್ಚಿಮದ ದೇಶಗಳ ನಿರ್ಬಂಧ ಬಿಗಿಯಾಗಿ, 2022ರ ಫೆಬ್ರವರಿಯಲ್ಲಿ ಲಿಥುವೇನಿಯಾ ಆ ದಾರಿ ಮುಚ್ಚಿತು. ಅದೇ ತಿಂಗಳು ಯುದ್ಧವೂ ಶುರುವಾಯಿತು. ಮೇಲೆ ಹೇಳಿದೆನಲ್ಲ, ಮೊದಲು ಸೋವಿಯತ್ ಒಕ್ಕೂಟ ನುಂಗಿದ್ದ ಮೂರರಲ್ಲಿ ಒಂದು ಈ ಲಿಥುವೇನಿಯಾ. ಆ ಬಂದರಿನ ಆದಾಯ ಹೋದರೂ ಪರವಾಗಿಲ್ಲ ಅಂದುಕೊಂಡು ಬಾಗಿಲು ಹಾಕಿತು. ಗದ್ದೆಯ ಮಣ್ಣು ಪರೀಕ್ಷೆ ಮಾಡಿಸಿ, ಎಷ್ಟು ಬೇಕೋ ಅಷ್ಟೇ ಪೊಟ್ಯಾಷ್ ಹಾಕಿ.