ಎಕ್ಸ್‌ಟೆನ್ಷನ್‌ನ ಮೆಥಡ್ ಏಕೆ ಮೇಲುಗೈ ಪಡೆಯುತ್ತದೆ?

ಪ್ರಶ್ನೆ: ಅಡಿಕೆ ವಹಿವಾಟಿನ ಲೆಕ್ಕಕ್ಕಾಗಿ ಸ್ವಿಫ್ಟ್ ಭಾಷೆಯಲ್ಲಿ ಆ್ಯಪ್ ಬರೆಯುತ್ತಿದ್ದೇನೆ. ‘ಅಡಿಕೆ’ ಎಂಬ ಪ್ರೋಟೋಕಾಲ್‌ನ (ಟೈಪ್‌ಗಳಲ್ಲಿ ಏನೇನಿರಬೇಕೆಂಬ ಪಟ್ಟಿ) ಎಕ್ಸ್‌ಟೆನ್ಷನ್‌ನಲ್ಲಿ (ಅದಕ್ಕೆ ಹೊರಗಿನಿಂದ ಸೇರಿಸುವ ಕೋಡ್) ‘ವಿವರ’ ಎಂಬ ಮೆಥಡ್ ಇದೆ. ‘ರಾಶಿ’, ‘ಬೆಟ್ಟೆ’ ಸ್ಟ್ರಕ್ಟ್‌ಗಳಲ್ಲಿ ಅದನ್ನೇ ಬೇರೆಯಾಗಿ ಬರೆದಿದ್ದೇನೆ. ಎರಡನ್ನೂ ಒಂದೇ ಅರೇಯಲ್ಲಿಟ್ಟು ಕರೆದರೆ ಎಕ್ಸ್‌ಟೆನ್ಷನ್‌ನದೇ ನಡೆಯುತ್ತದೆ. ಏಕೆ? ಒಟ್ಟು ತೂಕದ ಮೆಥಡ್ ಅಡಿಕೆಯ ಅರೇಗೆ ಮಾತ್ರ ಸಿಗುವಂತೆ ಮಾಡಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ‘ವಿವರ’ವನ್ನು ನೀವು ಪ್ರೋಟೋಕಾಲ್‌ನ ಮೂಲ ಘೋಷಣೆಯಲ್ಲಿ ಸೇರಿಸದಿರುವುದೇ ಇದಕ್ಕೆ ಕಾರಣ. ಎಕ್ಸ್‌ಟೆನ್ಷನ್‌ನಲ್ಲಿ ಮಾತ್ರ ಇರುವ ಮೆಥಡ್‌ನ ಕರೆಯನ್ನು ಕಂಪೈಲರ್, ಆ ಕ್ಷಣ ಅದಕ್ಕೆ ಕಾಣುವ ಟೈಪ್ ನೋಡಿ ಮೊದಲೇ ನಿರ್ಧರಿಸಿಬಿಡುತ್ತದೆ. ನಿಮ್ಮ ಅರೇಯಲ್ಲಿ ಅದಕ್ಕೆ ಕಾಣುವುದು ‘ಅಡಿಕೆ’ಯೇ ಹೊರತು ‘ರಾಶಿ’ಯಲ್ಲ. ಘೋಷಣೆಯಲ್ಲೂ ಆ ಒಂದು ಸಾಲು ಬರೆದರೆ, ಪ್ರತಿ ಸ್ಟ್ರಕ್ಟ್‌ನ ವಿಟ್ನೆಸ್ ಟೇಬಲ್‌ನಲ್ಲಿ (ಯಾವ ಮೆಥಡ್‌ಗೆ ಯಾವ ಕೋಡ್ ಎಂಬ ಪಟ್ಟಿ) ಅದಕ್ಕೊಂದು ಸ್ಥಾನ ದೊರೆತು, ಪ್ರೋಗ್ರಾಂ ಓಡುವಾಗ ಸರಿಯಾದ ಮೆಥಡ್ಡೇ ಆಯ್ಕೆಯಾಗುತ್ತದೆ. ಸ್ವಂತ ‘ವಿವರ’ ಇಲ್ಲದ ಸ್ಟ್ರಕ್ಟ್‌ಗೆ ಮಾತ್ರ ಎಕ್ಸ್‌ಟೆನ್ಷನ್‌ನದು ಒದಗುತ್ತದೆ. ಬದಲಾಗಬಹುದಾದ ಯಾವ ಮೆಥಡ್ಡನ್ನೂ ಘೋಷಣೆಯಿಂದ ಹೊರಗಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಈ ತಪ್ಪಿಗೆ ಕಂಪೈಲರ್ ಸಾಮಾನ್ಯವಾಗಿ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಎರಡನೆಯದು ಸಾಧ್ಯ. ಅರೇಯ ಎಕ್ಸ್‌ಟೆನ್ಷನ್‌ಗೆ ‘ವೇರ್’ ಷರತ್ತು ಹಾಕಿ, ಅದರ ಎಲಿಮೆಂಟ್ ‘ಅಡಿಕೆ’ಗೆ ಬದ್ಧವಾಗಿರಬೇಕೆಂದು ಕೋಲನ್ ಬಳಸಿ ಬರೆಯಿರಿ. ಆದರೆ ಹಾಗೆ ಬರೆದದ್ದು ‘ರಾಶಿ’ ಒಂದೇ ಇರುವ ಅರೇಗೆ ಸಿಗುತ್ತದೆ, ನಿಮ್ಮ ಮಿಶ್ರ ಅರೇಗೆ ಸಿಗುವುದಿಲ್ಲ. ಏಕೆಂದರೆ ಮಿಶ್ರ ಅರೇಯ ಎಲಿಮೆಂಟ್‌ನ ಟೈಪ್ ‘ಎನಿ ಅಡಿಕೆ’, ಅಂದರೆ ‘ಅಡಿಕೆ’ಗೆ ಬದ್ಧವಾದ ಯಾವುದಾದರೂ ಒಂದು; ಸ್ವಿಫ್ಟ್‌ನಲ್ಲಿ ಪ್ರೋಟೋಕಾಲ್ ಸಾಮಾನ್ಯವಾಗಿ ತನಗೆ ತಾನೇ ಬದ್ಧವಲ್ಲ. ಮಿಶ್ರ ಅರೇಗಾಗಿ ಎಲಿಮೆಂಟ್ ‘ಎನಿ ಅಡಿಕೆ’ಗೆ ಸಮವೆಂದು, ಎರಡು ಸಮಚಿಹ್ನೆ ಬಳಸಿ, ಇನ್ನೊಂದು ಎಕ್ಸ್‌ಟೆನ್ಷನ್ ಬರೆಯಬೇಕಾಗುತ್ತದೆ.