ಇಟಲಿಯ ಫ್ಲಾರೆನ್ಸ್‌ನಲ್ಲಿ ಒಂದೇ ದಿನ ಸಿಕ್ಕರೆ ಏನು ನೋಡಬೇಕು?

ಸೋಮವಾರ ಮಾತ್ರ ಹೋಗಬೇಡಿ. ಉಫೀಜಿ, ಅಕಾಡೆಮಿಯಾ ಎರಡೂ ಮ್ಯೂಸಿಯಂಗಳಿಗೆ ಅವತ್ತು ರಜೆ.

ಒಂದೇ ಒಂದು ಆರಿಸಿ ಅಂದರೆ ನಾನು ಹೇಳುವುದು ದೊಡ್ಡ ಚರ್ಚಿನ ಗುಮ್ಮಟ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1420ರಿಂದ 1436ರವರೆಗೆ ಕಟ್ಟಿಸಿದ್ದು, ಅದೂ ನೆಲದಿಂದ ಮರದ ಆಸರೆ ಕೊಡದೆ! ಗುಮ್ಮಟದೊಳಗೆ ಇನ್ನೊಂದು ಗುಮ್ಮಟವಿದೆ. ಎರಡರ ನಡುವಿನ ಸಂದಿಯಲ್ಲೇ ಹತ್ತಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಮಂಡಿನೋವಿದ್ದರೆ ಸುಮ್ನೆ ಕೆಳಗಿಂದಲೇ ನೋಡಿ.

ಆಮೇಲೆ ಮೈಕೆಲ್ಯಾಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ. ಅಸಲಿ ಇರುವುದು ಅಕಾಡೆಮಿಯಾದಲ್ಲಿ. ಸಿನ್ಯೋರಿಯಾ ಚೌಕದಲ್ಲಿ ನಿಂತಿರುವುದು ನಕಲು, ಆದರೂ ಫೋಟೊಗೆ ಅಲ್ಲೇನೂ ಜನ ಕಡಿಮೆಯಿಲ್ಲ. ಉಫೀಜಿಗೆ ಅರ್ಧ ದಿನವೂ ಸಾಲದು, ಈ ಸಲ ಬಿಟ್ಟುಬಿಡಿ. ಸಂಜೆ ಪೊಂಟೆ ವೆಕ್ಕಿಯೊ ಸೇತುವೆ ದಾಟಿ ಮೈಕೆಲ್ಯಾಂಜೆಲೊ ಚೌಕಕ್ಕೆ ನಡೆದುಹೋಗಿ. ಇಡೀ ಊರು ಕಾಣುತ್ತದೆ, ದುಡ್ಡೂ ಕೊಡಬೇಕಿಲ್ಲ.